ಉಯ್ಯಾಲೆಯ ಕೊಂಡಿ

ಬನ್ನೂರು,
ಭಾನುವಾರ

ಪ್ರಸಾದ್ ಅವರಿಗೆ,

ನನ್ನ ನಂಬರ್ ಬ್ಲಾಕ್ ಮಾಡಿದ್ದೀರಿ, ಆದ್ದರಿಂದ ಈ ಕಾಗದ. ಹೆದರಬೇಡಿ, ನಿಮ್ಮನ್ನು ಒಪ್ಪಿಸಲು ಬರೆಯುತ್ತಿಲ್ಲ.

ಮದುವೆ ಮಾತಿಗೆಂದು ಕವಲಂದೆಗೆ ನಿಮ್ಮ ಮನೆ ನೋಡಲು ಬಂದ ದಿನ, ನಿಮ್ಮ ತಾಯಿ ನನ್ನನ್ನು ಉಯ್ಯಾಲೆಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಮುಂಗೈ ಹೊರಳಿಸಿ ನೋಡಿದರು. "ಇದೇನವ್ವ, ಕೈಯೆಲ್ಲ ಸುಟ್ಕಂಡಿದ್ದೀ?" ಅಂದರು. ಆರ್ಕ್ ವೆಲ್ಡಿಂಗಿನ ಕಿಡಿ ಎಂದೆ. ಬೆಸುಗೆ ಆರುವಾಗ ಯಾಕೆ ಬಿರುಕು ಬಿಡುತ್ತದೆ ಎಂಬುದೇ ನನ್ನ ಸಂಶೋಧನೆ ಎಂದೂ ಹೇಳಿದೆ. ನೀವು ಮೊಬೈಲಿನಿಂದ ತಲೆ ಎತ್ತಿ, "ಈಗ ಅದನ್ನೆಲ್ಲ ರೋಬೋ ಮಾಡ್ತದೆ ಕಣ್ರೀ" ಎಂದು ಪಾಠ ಹೇಳಿದಿರಿ. ಅದೂ ಆ ರೋಬೋಗೆ ಕಲಿಸುವವಳಿಗೆ! ಮರುದಿನ ಅಮ್ಮನ ಮಾತೆಂದು "ಸುಟ್ಟ ಕೈ ಉಡುಗಿ ಬ್ಯಾಡ" ಎಂದು ಹೇಳಿ ಕಳಿಸಿದಿರಿ. ಸಂತೋಷ.

ಆದರೆ ಆ ಉಯ್ಯಾಲೆಯ ಎಡಗಡೆ ಕೊಂಡಿಯ ಬೆಸುಗೆ ಬಿರುಕು ಬಿಟ್ಟಿದೆ. ಅವತ್ತೇ ಹೇಳಿದ್ದೆ, ನೀವು ನಕ್ಕಿರಿ. ಅಮ್ಮನನ್ನು ಅದರ ಮೇಲೆ ಕೂರಿಸಬೇಡಿ. ಬಣ್ಣ ಬಳಿದು ಮುಚ್ಚಲೂ ಬೇಡಿ, ಹಳೆಯದನ್ನು ಕತ್ತರಿಸಿ ಹೊಸದಾಗಿ ಬೆಸುಗೆ ಹಾಕಿಸಿ. ಒಳ್ಳೆಯ ವೆಲ್ಡರ್ ಯಾರೆಂದು ನಿಮಗೆ ತಿಳಿಯದಿದ್ದರೆ ನಿಮ್ಮ ತಾಯಿಯನ್ನೇ ಕರೆದುಕೊಂಡು ಹೋಗಿ. ಕೈ ನೋಡಿ ಆರಿಸುವುದು ಅವರಿಗೆ ಅಭ್ಯಾಸ.

ಅವರು ಯಾವ ಕೈ ಬೇಡವೆನ್ನುತ್ತಾರೋ ಆ ಕೈಗೆ ಕೆಲಸ ಕೊಡಿ.

ಇತಿ,
ಹೇಮಲತಾ