ತಳ ಹಿಡಿದ ಕವಳಿ ಜಾಮ್

೨೯ ಮೇ ೨೦೦೬, ಸೋಮವಾರ, ಅಂಕೋಲಾ

ಸುಟ್ಟ ಸಕ್ಕರೆಯ ವಾಸನೆ ಇನ್ನೂ ಸೀರೆಯಲ್ಲಿದೆ. ಒಗೆಯುವ ಮನಸ್ಸಿಲ್ಲ.

ಹೋದ ವಾರ ಕಾರವಾರದ ಮೇಳದಲ್ಲಿ ನಾನು ಮಾಡಿದ ಕವಳಿ ಹಣ್ಣಿನ ಜಾಮಿಗೆ ಬಹುಮಾನ ಬಂತು. ಅಮೆರಿಕದಲ್ಲಿ ತಿಂದ ಬ್ಲೂಬೆರಿ ಜಾಮಿಗಿಂತ ಇದೇ ರುಚಿ ಎಂದರು, ಅತಿಥಿಯಾಗಿ ಬಂದಿದ್ದ ಡಾಕ್ಟರಮ್ಮ. ಮಂದಾಕಿನಿ ಅತ್ತಿಗೆ ಮುಂದೆ ಹೋಗಿ "ನಾನೇ ಮಾಡಿದ್ದು" ಎಂದು ಬಹುಮಾನ ತೆಗೆದುಕೊಂಡರು. ಆ ಕಾಡುಹಣ್ಣು ಕೊಯ್ಯುವಾಗ ಗುಡ್ಡದ ಮುಳ್ಳಿಗೆ ಗೀರಿದ ನನ್ನ ಕೈ ಸೆರಗಿನೊಳಗೇ ಉಳಿಯಿತು. ಅಣ್ಣನ ಹೆಂಡತಿಯಲ್ಲವೇ ಎಂದು ಸುಮ್ಮನಿದ್ದೆ.

ಇಂದು ಇಲ್ಲಿಯ ಮಹಿಳಾ ಮಂಡಳದಲ್ಲಿ ಎಲ್ಲರೆದುರು ಮಾಡಿ ತೋರಿಸಲು ಅವರನ್ನೇ ಕರೆದಿದ್ದರು. ಸಹಾಯಕ್ಕೆಂದು ನನ್ನನ್ನೂ ಎಳೆದುಕೊಂಡು ಹೋದರು. ಬೀಜ ಸೋಸದೆ, ಹಣ್ಣು ಬೇಯುವ ಮೊದಲೇ ಸಕ್ಕರೆ ಸುರಿದರು. ನೋಡುತ್ತ ನಿಂತೆ.

"ಏ ಚಂದು, ಗಟ್ಟಿ ಆಗೂದೇ ಇಲ್ಲ. ಇನ್ನೆಂತ ಮಾಡೂದೇ?" ಎಂದು ಪಿಸುಗುಟ್ಟಿದರು.

"ನಂಗೆಂತ ಗೊತ್ತು ಅತ್ತಿಗೆ? ಮಾಡಿದ್ದು ನೀವಲ್ವಾ?" ಹಿಂದಿನ ಸಾಲಿಗೂ ಕೇಳುವಂತೆ ಹೇಳಿದೆ.

ಗಾಬರಿಯಲ್ಲಿ ಉರಿ ಜೋರು ಮಾಡಿದರು. ಪಾತ್ರೆ ತಳ ಹಿಡಿದು ಹೊಗೆ ಎದ್ದಿತು. ರುಚಿ ನೋಡಿದ ಅಧ್ಯಕ್ಷೆ ಕರವಸ್ತ್ರದೊಳಗೆ ಬೀಜ ಉಗಿದರು. ಯಾರೋ ಕಿಸಕ್ಕನೆ ನಕ್ಕರು.

ರಿಕ್ಷಾದಲ್ಲಿ ಅತ್ತಿಗೆ ಕಣ್ಣೊರೆಸಿಕೊಂಡು, "ಒಂದು ಮಾತು ಹೇಳ್ಬಹುದಿತ್ತಲ್ಲೇ" ಎಂದರು.

"ನೀವೂ ಹೇಳ್ಬಹುದಿತ್ತು ಅತ್ತಿಗೆ, ಕಾರವಾರದಲ್ಲಿ."



ಊಟ ಮಾಡುವಾಗಲಾದರೂ ಪಾಪ ಅನಿಸೀತೆಂದು ಕಾದೆ. ಅನಿಸಲಿಲ್ಲ. ಇನ್ನೊಂದು ತುತ್ತು ಹೆಚ್ಚೇ ಉಂಡೆ. ಅಂದು ಚಪ್ಪಾಳೆ ಬಿದ್ದಾಗ ಅವರು ಒಮ್ಮೆ ನನ್ನತ್ತ ತಿರುಗಿ ನೋಡಿದ್ದರೂ ಸಾಕಿತ್ತು, ಇವತ್ತು ನಾನೇ ಸೌಟು ಹಿಡಿದು... ಇರಲಿ. ಕಣ್ಣು ಎಳೆಯುತ್ತಿದೆ. ಮೇಳ ಮುಗಿದ ಮೇಲೆ ಇವತ್ತೇ ಚೆನ್ನಾಗಿ ನಿದ್ದೆ ಬರುವ ಹಾಗಿದೆ.