ಸ್ಕೇಲೂ ಸೊಟ್ಟಗೆ ಕಂಡಿತು

ಮಗಳೇ,

ನಿನ್ನನ್ನು ಎಬ್ಬಿಸಿ ಹೇಳುವ ಮುಖ ನನಗಿಲ್ಲ, ಅದಕ್ಕೇ ಈ ಚೀಟಿ.

ಮೇಷ್ಟ್ರ ಅಂಗಿಯ ಹೊಲಿಗೆ ಬಿಚ್ಚಿ ನೀನೇ ಮತ್ತೆ ಹೊಲಿ. ಮಷೀನು ನನಗೆ ಬಿಡಬೇಡ.

ನಿನ್ನೆ ಅವರೆದುರೇ, "ನಮ್ಮ ಹುಡುಗಿ ಬಟ್ಟೆ ಸೊಟ್ಟಗೆ ಕತ್ತರಿಸಿದ್ದಾಳೆ" ಅಂದುಬಿಟ್ಟೆ. ನೀನು ಒಳಗೆ ಹೋದ ಮೇಲೆ ಅಂಚಿಗೆ ಸ್ಕೇಲಿಟ್ಟು ನೋಡಿದೆ. ಸ್ಕೇಲೂ ಸೊಟ್ಟಗೆ ಕಂಡಿತು. ಬೆರಳಾಡಿಸಿದರೆ ಗೊತ್ತಾಯಿತು, ನಿನ್ನ ಕತ್ತರಿ ನೆಟ್ಟಗೇ ಓಡಿದೆ, ಸೊಟ್ಟಗೆ ಓಡಿದ್ದು ನನ್ನ ಹೊಲಿಗೆ.

ರಕ್ತನಾಳ ಕಟ್ಟಿಕೊಂಡ ನನ್ನ ಕಣ್ಣಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಕಣ್ಣಿನ ಒಳಪರದೆಯ ಊತ ಇಳಿದಿದ್ದು ನಿಜ, ಸ್ಕ್ಯಾನಿನಲ್ಲಿ ನೀನೇ ನೋಡಿದ್ದೀಯ. ನಾನು ಆಸ್ಪತ್ರೆಯ ಗೋಡೆಯ ಮೇಲಿನ ಅಕ್ಷರ ಓದಿದ್ದು ಮಾತ್ರ ಸುಳ್ಳು. ಸಾಲಿನಲ್ಲಿ ಮುಂದಿದ್ದವರು ಓದೋದನ್ನು ಕೇಳಿ ಬಾಯಿಪಾಠ ಮಾಡಿಕೊಂಡಿದ್ದೆ. ಡಾಕ್ಟರು ಭೇಷ್ ಅಂದರು. ನೀನು ಖುಷಿಗೆ ಅಲ್ಲೇ ಅತ್ತುಬಿಟ್ಟೆ. ಆಮೇಲೆ ನಿಜ ಹೇಳಲು ಬಾಯೇ ಬರಲಿಲ್ಲ.

ಇವತ್ತು ಡಾಕ್ಟರಿಗೆ ಎಲ್ಲ ಹೇಳಿ ಬರ್ತೇನೆ. ತಿಂಡಿ ಮುಚ್ಚಿಟ್ಟಿದ್ದೇನೆ, ಉಪ್ಪು ಜಾಸ್ತಿಯಾಗಿದ್ದರೆ ಬೈಕೋ.

ಮೇಷ್ಟ್ರು ಬಂದರೆ, "ಕೆಡಿಸಿದ್ದು ಅಪ್ಪ" ಅಂತ ಹೇಳು. ನೀನು ಹೇಳೋಳಲ್ಲ, ಗೊತ್ತು. ಅದಕ್ಕೇ ಮೊದಲು ಅವರ ಮನೆಗೆ ಹೋಗ್ತೇನೆ, ಆಸ್ಪತ್ರೆ ಆಮೇಲೆ.

ಅಪ್ಪ