ಕಿವಿಟೋಪಿಯವನು ಏಳಬೇಕು

ಮಾರ್ಚ್ 2, ಬೆಳಿಗ್ಗೆ 7.10

ರಬ್ಬರ್ ಚೆಂಡು ನೂರು ಸಲ ಹಿಸುಕಿದ್ದಾಯಿತು. ನಿಜಕ್ಕೂ ಎಂಬತ್ತೇ. ಮಗಳಿಗೆ ನೂರು ಅಂತಲೇ ಹೇಳುವುದು. ಅವಳು ಫಿಸಿಯೋಥೆರಪಿಸ್ಟ್, ಮಣಿಕಟ್ಟು ಮುಟ್ಟಿದರೆ ಸುಳ್ಳು ಗೊತ್ತಾಗಿಬಿಡುತ್ತದೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಮುರಿದುಕೊಂಡ ಬಲಗೈ. ಮೂಳೆ ಕೂಡಿದೆ, ನಡುಕ ಹೋಗಿಲ್ಲ. ಈ ಅಕ್ಷರ ನೋಡಿದರೇ ಸಾಕು.

ನಿನ್ನೆ ಒಂದು ಫೋನ್. ಯಾರೋ ಹಲ್ಲಿನ ಡಾಕ್ಟರಂತೆ. ನನಗೆ ಹಲ್ಲುನೋವಿಲ್ಲ ಅಂದೆ. ನಕ್ಕರು.

"ಮೇಡಂ, ಆ ಮುಖವಾಡದ ಕಾರ್ಟೂನ್‌ನಲ್ಲಿ ಎಬ್ಬಿಸೋ ಅಕ್ಕ ಅಂದ್ರೆ ನೀವೇ ಅಲ್ವಾ?"

ಮೂವತ್ತೇಳು ವರ್ಷವಾಗಿತ್ತು ಆ ಹೆಸರು ಕೇಳಿ. ಕುರ್ಚಿ ಎಳೆದುಕೊಂಡು ಕೂತೆ.

ಮಾರ್ಚ್ 3

ಬೆಳಿಗ್ಗೆಯಿಂದ ಅದೇ ನೆನಪು.

ಆ ಕಾರ್ಟೂನಿಗೆ ಮೂಲವಾದ ಸಿನಿಮಾ ದೊಡ್ಡವರದು. ಮುಖವಾಡ ಹಾಕಿಕೊಂಡು ಕಳ್ಳಸಾಗಣೆಯವರನ್ನು ಒಬ್ಬೊಬ್ಬರನ್ನಾಗಿ ಮುಗಿಸುವವನ ಕಥೆ. ಮೊದಲ ಹತ್ತು ನಿಮಿಷಕ್ಕೇ ಹತ್ತೊಂಬತ್ತು ಹೆಣ. ನಾನು ಚಿತ್ರ ಬರೆಯುತ್ತಿದ್ದ ಸ್ಟುಡಿಯೋದಲ್ಲಿ ನಮಗೆಲ್ಲ ತೋರಿಸಿದ್ದರು, ನಾನು ಅರ್ಧ ಕಣ್ಣು ಮುಚ್ಚಿಕೊಂಡೇ ನೋಡಿದೆ. ಅದನ್ನು ಮಕ್ಕಳ ಕಾರ್ಟೂನ್ ಮಾಡಬೇಕಂತೆ... ಮುಖವಾಡದ ಗೊಂಬೆ ಮಾರಾಟವಾಗಲಿ ಅಂತ. ಹುಲಿಗೆ ಹುಲ್ಲು ತಿನ್ನಿಸುವ ಕೆಲಸ. ಟಿವಿಯವರ ಷರತ್ತು ಒಂದೇ: ಯಾರೂ ಸಾಯಕೂಡದು. ಬಿದ್ದವನು ಅದೇ ಕಂತಿನಲ್ಲಿ ಎದ್ದದ್ದು ಕಾಣಿಸಬೇಕು.

ನಾನು ಆಗ ಎಲ್ಲರಿಗಿಂತ ಕಿರಿಯವಳು. ಬೀಳಿಸುವ ಚಿತ್ರ ಹಿರಿಯರಿಗೆ, ಎಬ್ಬಿಸುವುದು ನನಗೆ. ಅದಕ್ಕೇ ಆ ಅಡ್ಡಹೆಸರು. ಬಂಡೆಯಿಂದ ಬಿದ್ದವನು, ರೈಲಿನಿಂದ ಉರುಳಿದವನು, ಗೋಡೌನ್ ಸ್ಫೋಟಿಸಿ ಹಾರಿಹೋದವನು — ಎಲ್ಲರೂ ಎದ್ದು, ಪ್ಯಾಂಟ್ ಕೊಡವಿ, ಗೊಣಗುತ್ತ ಹೋಗಬೇಕು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು. ಐವತ್ತೆರಡು ಕಂತು. ಆರುನೂರ ಹನ್ನೊಂದು ಜನರನ್ನು ಎಬ್ಬಿಸಿದ್ದೇನೆ. ಲೆಕ್ಕ ಹಿಂದಿನ ಡೈರಿಯಲ್ಲಿದೆ. ಡಾಕ್ಟರುಗಳೂ ಅಷ್ಟು ಮಾಡಿರಲಿಕ್ಕಿಲ್ಲ!

ಮಾರ್ಚ್ 5, ಸಂಜೆ

ಹಲ್ಲಿನ ಡಾಕ್ಟರ್ ಮನೆಗೇ ಬಂದರು. ನಲವತ್ತೈದರ ಗಂಡಸು. ಸೋಫಾದ ಮೇಲೆ ಕೂತವರೇ ಆ ಕಾರ್ಟೂನಿನ ಟೈಟಲ್ ಮ್ಯೂಸಿಕ್ ಬಾಯಲ್ಲೇ ಬಾರಿಸಿದರು, ಡ್ರಮ್ ಸಮೇತ. ಮಗಳು ಅಡುಗೆಮನೆಗೆ ಓಡಿ ನಕ್ಕಳು.

"ಒರಿಜಿನಲ್ ಸಿನಿಮಾನ ಕಾಲೇಜಲ್ಲಿದ್ದಾಗ ನೋಡಿದೆ ಮೇಡಂ. ನಮ್ಮ ಮುಖವಾಡದಣ್ಣ ಹೀಗೆಲ್ಲ ಮಾಡ್ತಾನಾ ಅಂತ ಸಿಟ್ಟು ಬಂದು ಎದ್ದು ಬಂದ್ಬಿಟ್ಟೆ."

ಅವರದೊಂದು ಅಭಿಮಾನಿಗಳ ಗುಂಪಂತೆ. ಕಾರ್ಟೂನಿನ ಹಳೆಯ ರೀಲುಗಳನ್ನು ಹುಡುಕಿ, ತೊಳೆದು ಸರಿಮಾಡಿದ್ದಾರೆ. 29ಕ್ಕೆ ಥಿಯೇಟರಿನಲ್ಲಿ ಪ್ರದರ್ಶನ. ಅಂದು ನನಗೆ ಸನ್ಮಾನ. ಯಾಕೆ ಅಂದರೆ — ನಲವತ್ತೊಂದನೆಯ ಕಂತಿಗಾಗಿ.

ಆ ಕಂತಿನಲ್ಲಿ ಕಿವಿಟೋಪಿ ಹಾಕಿದ ಒಬ್ಬ ಕಳ್ಳ ಕೆರೆಗೆ ಬೀಳುತ್ತಾನೆ. ಲಾಟೀನು ಹಿಡಿಯುವ ಕೆಲಸದವನು, ಒಂದು ಮಾತೂ ಆಡದವನು. ಬೀಳುತ್ತಾನೆ, ನೀರು ಸುಮ್ಮನಾಗುತ್ತದೆ, ಮೂರು ಸೆಕೆಂಡ್ ಬರೀ ನೀರು. ಏಳುವುದೇ ಇಲ್ಲ.

"ಟಿವಿಯವರ ಕಣ್ಣಿಗೆ ಮಣ್ಣೆರಚಿ ನೀವು ಸಾವು ತೋರಿಸಿದ್ರಿ ಮೇಡಂ! ಎಂಥ ಧೈರ್ಯ! ಇಡೀ ಕಾರ್ಟೂನ್‌ನಲ್ಲಿ ಅದೊಂದೇ ನಿಜವಾದ ಶಾಟ್ ಅಂತ ನಮ್ಮೋರೆಲ್ಲ ಹೇಳ್ತಾರೆ."

ಹೊಗಳಿಕೆ ಸಿಹಿಯಾಗಿತ್ತು, ನುಂಗಿಬಿಟ್ಟೆ. ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಸ್ಟುಡಿಯೋದ ಹಳೆಯ ಕಾಗದಗಳು, ಜೊತೆಗೆ ಅಭಿಮಾನಿಗಳ ಪತ್ರಗಳು.

ಮಾರ್ಚ್ 6, ಬೆಳಿಗ್ಗೆ 11

ಪೆಟ್ಟಿಗೆಯಲ್ಲಿ ನನ್ನ ಐದು ಚಿತ್ರಗಳಿವೆ. ಅಂಚಿನಲ್ಲಿ ಮೂರು ತೂತಿನ ಕಾಗದ, ಮೇಲೆ ಚಹಾ ಲೋಟದ ಉಂಗುರ. ನೀರಿನಿಂದ ಟೋಪಿಯ ತುದಿ ಮಾತ್ರ ಬಂದಿದೆ. ಶಾಟ್ ಪಟ್ಟಿಯಲ್ಲಿ ಮೇಷ್ಟ್ರ ಅಕ್ಷರ — ಸ್ಟುಡಿಯೋ ಮುಖ್ಯಸ್ಥರನ್ನು ನಾವು ಹಾಗೇ ಕರೆಯುತ್ತಿದ್ದದ್ದು. "ಚಿತ್ರ 36. ಆದದ್ದು 5. ಅಕ್ಕ ಆಸ್ಪತ್ರೆಗೆ. ನೀರಿನ ಶಾಟನ್ನೇ ಮೂರು ಸೆಕೆಂಡ್ ಎಳೆಯಿರಿ."

ಮಗಳು ತಾರೀಕು ನೋಡಿ ಕಣ್ಣರಳಿಸಿದಳು.

"ಅಮ್ಮಾ, ಇದು ನಾನು ಹುಟ್ಟಿದ ದಿನ!"

ಹೌದು. ಆರನೆಯ ಚಿತ್ರಕ್ಕೆ ಪೆನ್ಸಿಲ್ ಚೂಪು ಮಾಡುತ್ತಿದ್ದೆ, ನೋವು ಶುರುವಾಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಮೂರು ತಿಂಗಳ ನಂತರ ಕೆಲಸಕ್ಕೆ ಹೋದಾಗ ಕಂತು ಟಿವಿಯಲ್ಲಿ ಬಂದು ಹೋಗಿತ್ತು. ಮಗುವಿನ ಗಲಾಟೆಯಲ್ಲಿ ನಾನೂ ಕೇಳಲಿಲ್ಲ.

"ಅಂದ್ರೆ ನನ್ನ ಹುಟ್ಟಿಸೋಕೆ ಹೋಗಿ ಅವನನ್ನ ಮುಳುಗಿಸಿದೆ. ಧೈರ್ಯವಂತೆ!"

ನಗು ಬಂತು. ಆಮೇಲೆ ಒಂದು ಪತ್ರ ಓದಿದೆ. ಲಿಫ್ಟ್ ರಿಪೇರಿ ಮಾಡುವವರೊಬ್ಬರದು. ಇಲ್ಲಿ ನಕಲು ಮಾಡಿಡುತ್ತೇನೆ:

"ಮನೆಯಲ್ಲಿ ನಾವು ಐದು ಜನ ಮಕ್ಕಳು. ಕಿವಿಟೋಪಿಯವನು ಮುಳುಗಿದ ಮೇಲೆ ಉಳಿದ ಹನ್ನೊಂದು ಕಂತಿನಲ್ಲೂ ಗುಂಪಿನ ಹಿಂದೆ ಅವನನ್ನು ಹುಡುಕಿದೆವು. ಚಿಕ್ಕ ತಂಗಿ ಊಟ ಬಿಟ್ಟಳು. ಅವನು ಟೋಪಿ ಒಣಗಿಸಲು ಮನೆಗೆ ಹೋಗಿದ್ದಾನೆ ಎಂದು ಅಕ್ಕ ಸಮಾಧಾನ ಮಾಡಿದಳು. ತಂಗಿ ಈಗಲೂ ಫೋನ್ ಮಾಡಿದಾಗ ಕೇಳುತ್ತಾಳೆ, ಟೋಪಿ ಒಣಗಿತಾ ಅಂತ. ನಮಗದು ತಮಾಷೆ. ಪೂರ್ತಿ ತಮಾಷೆಯೂ ಅಲ್ಲ. ನಿಮಗೆ ಗೊತ್ತಿದ್ದರೆ ತಿಳಿಸಿ."

ನುಂಗಿದ ಹೊಗಳಿಕೆ ಕಹಿಯಾಯಿತು. ನಾನು ಯಾರನ್ನೂ ಸಾಯಿಸಿದವಳಲ್ಲ. ಅದೇ ನನ್ನ ಹೆಮ್ಮೆ. ಅದನ್ನು ಮಾರಿಕೊಂಡು ಶಾಲು ಹೊದೆಸಿಕೊಳ್ಳಲೇ?

ಮಾರ್ಚ್ 7

ಡಾಕ್ಟರಿಗೆ ಫೋನ್ ಮಾಡಿದೆ.

"ಅದು ಧೈರ್ಯ ಅಲ್ಲ ಡಾಕ್ಟ್ರೇ. ಹೆರಿಗೆ ನೋವು."

ಆ ಕಡೆಯಿಂದ ಸಣ್ಣ ದನಿ: "ಮೇಡಂ, ಇದನ್ನ ಯಾರಿಗೂ ಹೇಳ್ಬೇಡಿ. ನಾವು ಅದರ ಮೇಲೆ ಲೇಖನ ಬರ್ದಿದ್ದೀವಿ."

"ಆ ಶಾಟ್ ನಾನು ಮುಗಿಸಿ ಕೊಡ್ತೀನಿ. 29ಕ್ಕೆ ಸೇರಿಸಿ. ಇಲ್ಲಾಂದ್ರೆ ನಾನು ಬರಲ್ಲ."

ಕಂಪ್ಯೂಟರಿನಲ್ಲಿ ಮಾಡಿಸೋಣವೇ ಅಂದರು. ಬೇಡ. ನಾನು ಬಿಟ್ಟುಹೋದವನು, ನಾನೇ ಎಬ್ಬಿಸಬೇಕು. ಕೊನೆಗೆ ನಿಟ್ಟುಸಿರು. "ಅರಿವಳಿಕೆ ಕೊಡದೆ ಹಲ್ಲು ಕೀಳ್ತಿದ್ದೀರಿ ಮೇಡಂ. ಸರಿ. 24ನೇ ತಾರೀಕು ನನ್ನ ಕೈಗೆ ಬರ್ಬೇಕು. ಆಮೇಲೆ ಬಂದ್ರೆ ಹಳೇದೇ ತೋರಿಸ್ತೀವಿ."

ಮೂವತ್ತೊಂದು ಚಿತ್ರ. ಹದಿನೇಳು ದಿನ. ಈ ಕೈ.

ಮಾರ್ಚ್ 9, ಮಧ್ಯಾಹ್ನ 3

ಅಟ್ಟದಿಂದ ಗಾಜಿನ ಮುಚ್ಚಳದ ಲೈಟ್ ಬಾಕ್ಸ್ ಇಳಿಸಿದೆ. ಒಳಗಿನ ಬಲ್ಬ್ ಹೊಸದು. ಐದನೆಯ ಚಿತ್ರದ ಮೇಲೆ ಬಿಳಿ ಹಾಳೆ ಇಟ್ಟು ಆರನೆಯದಕ್ಕೆ ಕೂತೆ. ಗೆರೆ ಹಾವಾಡಿತು. ಹರಿದೆ. ಮತ್ತೊಂದು. ಹರಿದೆ. ಹದಿನಾಲ್ಕು ಹಾಳೆ.

ಮಗಳು ಬಂದು ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅಮ್ಮಾ, ಹೀಗೆ ಯಾರೂ ಏಳಲ್ಲ. ಬೆನ್ನು ಮೊದಲು ಬರಲ್ಲ. ಕೈ ಊರ್ಬೇಕು, ಆಮೇಲೆ ಮಂಡಿ."

"ಆರುನೂರು ಜನನ ಎಬ್ಬಿಸಿದ್ದೀನಿ. ನನಗೆ ಹೇಳಿಕೊಡ್ತೀಯಾ?"

"ಎಲ್ಲಾ ಕಾಗದದ ಮೇಲೆ!"

"ಹೋಗೇ."

"ಹಿಡಿದ ಮೊಲಕ್ಕೆ ಮೂರೇ ಕಾಲು ನಿಂದು."

ಬಾಗಿಲು ಹಾಕಿಕೊಂಡೆ. ಅರವತ್ತಮೂರರ ಹೆಂಗಸು ಹಾಗೆ ಧಡಾರ್ ಅಂತ ಹಾಕಬಾರದಿತ್ತು.

ಮಾರ್ಚ್ 10

ಆರನೆಯದು ಆಗಲಿಲ್ಲ.

ಮಾರ್ಚ್ 16

ಆರು ದಿನ ಲೈಟ್ ಬಾಕ್ಸ್ ಮೇಲೆ ಬಟ್ಟೆ ಹೊದೆಸಿಟ್ಟಿದ್ದೆ. ಡಾಕ್ಟರಿಗೆ ಆಗುವುದಿಲ್ಲ ಅಂತ ಹೇಳಲು ಎರಡು ಸಲ ಫೋನ್ ಕೈಗೆತ್ತಿಕೊಂಡು ಇಟ್ಟೆ.

ಇವತ್ತು ಕೈ ತೋರಿಸಲು ಮಗಳ ಕ್ಲಿನಿಕ್‌ಗೆ ಹೋಗಬೇಕಿತ್ತು. ಬೆಂಚಿನ ಮೇಲೆ ಕಾದೆ. ಒಳಗೆ ನೆಲದ ಮ್ಯಾಟ್ ಮೇಲೆ ಒಬ್ಬರು ದರ್ಜಿ, ಸೊಂಟದ ಆಪರೇಷನ್ ಆದವರು. ಬಿದ್ದರೆ ಒಬ್ಬರೇ ಏಳುವುದು ಹೇಗೆ ಅಂತ ಇವಳು ಕಲಿಸುತ್ತಿದ್ದಳು. ಹಿಡಿಯಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಒಂದು ಗೇಣು ದೂರ ನಿಂತಿದ್ದಳು.

"ಕೈ ಊರಿ ಅಣ್ಣಾ. ಹಾಂ. ಈಗ ಮಂಡಿ. ಉಸಿರು ತಗೊಳ್ಳಿ. ಅವಸರ ಏನಿಲ್ಲ."

ಅವರ ತೋಳು ನಡುಗಿತು. ಮಂಡಿ ನಡುಗಿತು. ಇಡೀ ಮೈಯೇ ನಡುಗುತ್ತ ಎದ್ದರು. ಎದ್ದು ನಿಂತು, ತಾನು ಬಿದ್ದಿದ್ದ ಜಾಗವನ್ನು ಒಮ್ಮೆ ತಿರುಗಿ ನೋಡಿದರು. ಆಮೇಲೆ ನಕ್ಕರು.

ನನ್ನ ಆರುನೂರ ಹನ್ನೊಂದು ಜನರಲ್ಲಿ ಒಬ್ಬನೂ ಹೀಗೆ ಎದ್ದಿರಲಿಲ್ಲ. ಸ್ಪ್ರಿಂಗ್ ಹಾಕಿದ ಹಾಗೆ ಎದ್ದವರು. ನಡುಕವಿಲ್ಲದೆ ಯಾರು ಏಳುತ್ತಾರೆ? ಅದರಲ್ಲೂ ತಣ್ಣೀರಿನಿಂದ?

ನನ್ನ ಮಗಳನ್ನು ಅಲ್ಲೇ ಕೂತು ನೋಡಿದೆ. ಈ ಕೆಲಸ ನನಗಿಂತ ಚೆನ್ನಾಗಿ ಮಾಡುತ್ತಾಳೆ. ಎದೆ ತುಂಬಿ ಬಂತು. ಹೇಳಲಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾಳೆ. ಇಲ್ಲಿ ಬರೆದಿಟ್ಟಿದ್ದೇನೆ.

ಮಾರ್ಚ್ 17, ಬೆಳಿಗ್ಗೆ 9

ಆರನೆಯದು ಆಯಿತು. ಏಳನೆಯದೂ. ಗೆರೆ ನಡುಗುತ್ತದೆ. ನಡುಗಲಿ, ಅವನಿಗೆ ಚಳಿ.

ಮಾರ್ಚ್ 20

ಹತ್ತೊಂಬತ್ತು. ಮಂಡಿ ಊರಿದ. ಮಗಳನ್ನು ಹಾಲ್‌ನಲ್ಲಿ ನಾಲ್ಕು ಸಲ ಬೀಳಿಸಿ ಏಳಿಸಿ ನೋಡಿದೆ. "ನನ್ನ ಫೀಸು ಕೊಡು" ಅಂದಳು. ಚಹಾ ಕೊಟ್ಟೆ.

ಮಾರ್ಚ್ 23, ಸಂಜೆ 6

ಮೂವತ್ತಾರು. ಕೊನೆಯ ಎಂಟರಲ್ಲಿ ನಿಂತು, ನೀರಿನ ಕಡೆ ಒಮ್ಮೆ ತಿರುಗಿ ನೋಡಿ, ಟೋಪಿ ತೆಗೆದು ಹಿಂಡುತ್ತಾನೆ. ಹಿಂಡುವುದು ಪಟ್ಟಿಯಲ್ಲಿರಲಿಲ್ಲ. ಆ ತಂಗಿಗಾಗಿ. ಹಾಳೆಗಳನ್ನು ಹೆಬ್ಬೆರಳಲ್ಲಿ ಪಟಪಟ ಸರಿಸಿದೆ, ಎದ್ದ. ಮತ್ತೆ ಸರಿಸಿದೆ, ಮತ್ತೆ ಎದ್ದ. ಊಟಕ್ಕೆ ಮಗಳು ಮೂರು ಸಲ ಕರೆದಳು.

ಮಾರ್ಚ್ 24

ಡಾಕ್ಟರ್ ಬಂದು ತೆಗೆದುಕೊಂಡು ಹೋದರು. ಬಾಗಿಲಲ್ಲೇ ನಿಂತು ಹಾಳೆ ಸರಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಲೇಖನ ವಾಪಸ್ ತಗೋತೀವಿ ಅಮ್ಮಾ."

ಮೇಡಂ ಹೋಗಿ ಅಮ್ಮ ಆಗಿದ್ದೇನೆ.

ಮಾರ್ಚ್ 29, ಸಂಜೆ 6.50, ಥಿಯೇಟರಿನ ಹೊರಗಿನ ಬೆಂಚು

ಮಗಳು ಕಾರು ತರಲು ಹೋಗಿದ್ದಾಳೆ. ಮರೆಯುವ ಮೊದಲು ಬರೆಯಬೇಕು.

ವೇದಿಕೆಯಲ್ಲಿ ಸತ್ಯ ಹೇಳಿದೆ. ಹೆರಿಗೆ ನೋವು ಅಂದಾಗ ಇಡೀ ಹಾಲ್ ನಕ್ಕಿತು, ಮಗಳು ಮುಖ ಮುಚ್ಚಿಕೊಂಡಳು. ಯಾರೋ ಒಬ್ಬರು "ಛೆ" ಅಂದದ್ದೂ ಕೇಳಿಸಿತು. ಅನ್ನಲಿ.

ಆಮೇಲೆ ನಲವತ್ತೊಂದನೆಯ ಕಂತು. ಅವನು ಬಿದ್ದ. ನೀರು ಸುಮ್ಮನಾಯಿತು. ನಲವತ್ತು ದಾಟಿದ ನಾನೂರು ಜನ ಉಸಿರು ಹಿಡಿದು ಕೂತಿದ್ದರು. ಟೋಪಿ ಬಂತು. ಕೈ ಬಂತು. ಪಕ್ಕದಲ್ಲಿ ಮಗಳು ತನಗೇ ಗೊತ್ತಿಲ್ಲದೆ ಹೇಳುತ್ತಿದ್ದಳು — "ಮಂಡಿ, ಈಗ ಮಂಡಿ." ಹಿಂದಿನ ಸಾಲಿನಿಂದ ಒಂದು ಕೂಗು: "ಎದ್ದಾ!" ತಿರುಗಿ ನೋಡಿದೆ. ಐದು ಜನ ಒಟ್ಟಿಗೆ ಎದ್ದು ನಿಂತಿದ್ದರು. ಲಿಫ್ಟಿನವರ ಮನೆಯವರೇ ಇರಬೇಕು.

ಆರುನೂರ ಹನ್ನೆರಡು. ಈಗ ಒಬ್ಬರೂ ಬಾಕಿ ಇಲ್ಲ. ನನ್ನ ಜನ್ಮದಲ್ಲಿ ಇಷ್ಟು ಹೆಮ್ಮೆ ಪಟ್ಟದ್ದು ಎರಡೇ ಸಲ, ಮಗಳು ಹುಟ್ಟಿದ ದಿನ ಮತ್ತು ಇವತ್ತು, ಎರಡೂ ಆ ಒಂದೇ ಶಾಟ್‌ನ ಲೆಕ್ಕಕ್ಕೆ.

ಯಾರೋ ಈ ಕಡೆ ಬರುತ್ತಿದ್ದಾರೆ. ಅರ್ಧ ನರೆತ ಕೂದಲಿನ ಹೆಂಗಸು, ಕಣ್ಣೊರೆಸಿಕೊಂಡು, ಹಿಂದೆ ನಾಲ್ವರು. ಕೈಯಲ್ಲೊಂದು ಮಗುವಿನ ಅಳತೆಯ ಕಿವಿಟೋಪಿ. ಒಣಗಿದ್ದು. ಕೂತೇ ಮಾತಾಡಿಸಿದರೆ ಚೆನ್ನಲ್ಲ. ಏಳಬೇಕು. ಕೈ ಊರಿ... ಮಂಡಿ... ಆಮೇಲೆ